ಎಂ.ಎಸ್ಸಿ. ಸೀಟು ಆರಿಸುವಾಗ ಮನೆಯವರು ಬಾಯಿ ಹಾಕದಿರುವ ಕುರಿತು

ಗೃಹಕೃತ್ಯ ಕಾರ್ಯಾಲಯ
(ಒಳಮನೆ ವಿಭಾಗ)
ಇಸಳೂರು, ತಾಲೂಕು ಶಿರಸಿ

ಸಂಖ್ಯೆ: ಗೃಕಾ/ಒಮ/ಸೀಟು/2/2025-26
ದಿನಾಂಕ: 20-05-2025, ಮಂಗಳವಾರ

ಸುತ್ತೋಲೆ

ವಿಷಯ: ಕು. ಶಾಂಭವಿಯವರಿಗೆ ಬಂದಿರುವ ಎರಡು ಎಂ.ಎಸ್ಸಿ. ಸೀಟುಗಳ ಪೈಕಿ ಒಂದನ್ನು ಅವರೇ ಆರಿಸಿಕೊಳ್ಳುವ ಬಗ್ಗೆ. ಹಾಗೂ ಉಳಿದವರು ಶುಕ್ರವಾರದವರೆಗೆ ಸುಮ್ಮನಿರುವ ಬಗ್ಗೆ.

ಉಲ್ಲೇಖ:
1. ಡೆಹರಾಡೂನಿನ ಸಂಸ್ಥೆಯಿಂದ ಬಂದ ಇ-ಮೇಲ್, ದಿನಾಂಕ 14-05-2025.
2. ಧಾರವಾಡದ ಕಾಲೇಜಿನಿಂದ ಬಂದ ಪತ್ರ, ದಿನಾಂಕ 16-05-2025.
3. ಶ್ರೀಮತಿ ನೀಲಗಂಗವ್ವನವರ (ಅಜ್ಜಿ) ಮೌಖಿಕ ಆದೇಶಗಳು, ದಿನಾಂಕ 14-05-2025ರಿಂದ ಈ ಕ್ಷಣದವರೆಗೆ.
4. ಮಿಕ್ಸರಿನ ಪಕ್ಕ ಚಾರ್ಜಿಗಿಟ್ಟಿದ್ದ ಫೋನಿನಲ್ಲಿ ಕಂಡುಬಂದ ಕರಡು ಪತ್ರ, ದಿನಾಂಕ 19-05-2025.

ಪ್ರಸ್ತಾವನೆ:

ಈ ಮನೆಯ ಮಗಳಾದ ಕು. ಶಾಂಭವಿಯವರು ಕಳೆದ ವರ್ಷ ಬಿ.ಎಸ್ಸಿ. ಮುಗಿಸಿ, ಭೂವಿಜ್ಞಾನದಲ್ಲಿ ಮುಂದೆ ಓದುವ ಸಲುವಾಗಿ ಒಟ್ಟು ಏಳು ಕಡೆ ಅರ್ಜಿ ಹಾಕಿರುತ್ತಾರೆ. ಅರ್ಜಿಯೊಂದಿಗೆ ಲಗತ್ತಿಸಬೇಕಾದ ಶಿಫಾರಸು ಪತ್ರಗಳನ್ನು ಅವರ ಅಧ್ಯಾಪಕರು ಕೊಟ್ಟಿದ್ದಾಗ್ಯೂ, ಪಕ್ಕದ ಮನೆಯ ಶ್ರೀ ಶಾಂತಾರಾಮರವರು ಯಾರೂ ಕೇಳದೆಯೇ ಇನ್ನೊಂದನ್ನು ಬರೆದು ತಂದು, ಅದರಲ್ಲಿ "ಈಕೆ ನಮ್ಮ ಮನೆಗೆ ಬಂದಾಗ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾಳೆ" ಎಂದು ದೃಢೀಕರಿಸಿರುತ್ತಾರೆ. ಸದರಿ ಪತ್ರವನ್ನು ಏಳು ಸಂಸ್ಥೆಗಳ ಪೈಕಿ ಯಾವುದಕ್ಕೂ ಕಳಿಸಿರುವುದಿಲ್ಲ. ಆದರೂ ಎರಡು ಕಡೆಯಿಂದ ಸೀಟು ಬಂದಿದ್ದು ತಮ್ಮ ಪತ್ರದಿಂದಲೇ ಎಂದು ಶ್ರೀ ಶಾಂತಾರಾಮರವರು ತಿಳಿದಿದ್ದು, ಅವರಿಗೆ ಪೇಢೆ ಕೊಟ್ಟು ಕಳಿಸಲಾಗಿದೆ.

ಬಂದ ಎರಡು ಸೀಟುಗಳಲ್ಲಿ ಒಂದು ಧಾರವಾಡದ್ದು. ಅಲ್ಲಿ ಶಾಂಭವಿಯವರ ಸೋದರತ್ತೆಯ ಮನೆ ಇದೆ. ಇನ್ನೊಂದು ಡೆಹರಾಡೂನಿನದು. ಅಲ್ಲಿ ಹಿಮಾಲಯ ಬಿಟ್ಟರೆ ನಮ್ಮವರು ಯಾರೂ ಇಲ್ಲ. ಉತ್ತರ ಕೊಡಲು ಎರಡೂ ಕಡೆಯವರು ಕೊಟ್ಟಿರುವ ಕೊನೆಯ ಗಡುವು ಒಂದೇ: ಶುಕ್ರವಾರ, 23-05-2025, ಸಂಜೆ ಐದು ಗಂಟೆ. ತರಗತಿಗಳು ಎರಡೂ ಕಡೆ ಜುಲೈನಲ್ಲಿ ಆರಂಭ.

ಯಾವುದಕ್ಕೆ ಹೋಗುತ್ತಿ ಎಂದು ಕೇಳಿದವರಿಗೆಲ್ಲ ಕು. ಶಾಂಭವಿಯವರು "ಧಾರವಾಡ ಆದ್ರೂ ನಡೀತೈತ್ರಿ" ಎಂದು ಏಕರೂಪವಾಗಿ ಉತ್ತರಿಸುತ್ತಾ ಬಂದಿದ್ದಾರೆ. ಈ ಉತ್ತರವನ್ನು ಕಾರ್ಯಾಲಯವು ಮೊದಲಿನಿಂದಲೂ ನಂಬಿರುವುದಿಲ್ಲ. ಎರಡು ವರ್ಷಗಳ ಹಿಂದೆ ಯಲ್ಲಾಪುರದ ಕೆಳಗಿನ ಘಟ್ಟದಲ್ಲಿ ಗುಡ್ಡ ಜಾರಿ ಬಸ್ಸು ನಾಲ್ಕು ತಾಸು ನಿಂತಾಗ, ಬಸ್ಸಿನ ಅಷ್ಟೂ ಜನ ಊಟದ ಚಿಂತೆಯಲ್ಲಿದ್ದರೆ ಇವರೊಬ್ಬರು ಇಳಿದುಹೋಗಿ ಜಾರಿದ ಮಣ್ಣನ್ನು ಹಿಡಿಯಲ್ಲಿ ಹಿಡಿದು ಮೂಸಿ ನೋಡುತ್ತಿದ್ದರು. "ಅವ್ವಾ, ಈ ಗುಡ್ಡನ ಯಾಕ ಜಾರಿತು, ಬಾಜೂದ್ದು ಯಾಕ ಜಾರಲಿಲ್ಲ?" ಎಂದು ಕೇಳಿದ್ದರು. ಮನೆ ಮುಟ್ಟುವ ತನಕ ಅದನ್ನೇ ಕೇಳಿದ್ದರು. ಸದರಿ ಪ್ರಶ್ನೆಗೆ ಉತ್ತರ ಕಲಿಸುವ ಪಾಠ ಡೆಹರಾಡೂನಿನಲ್ಲಿದ್ದು, ಧಾರವಾಡದಲ್ಲಿ ಇರುವುದಿಲ್ಲ.

ಹೀಗಿರುವಾಗ ನಿನ್ನೆ ಬೆಳಿಗ್ಗೆ ಚಟ್ನಿ ರುಬ್ಬುವ ಸಮಯದಲ್ಲಿ ಉಲ್ಲೇಖ (4)ರ ಕರಡು ಪತ್ರವು ಶ್ರೀಮತಿ ಸಾವಿತ್ರವ್ವನವರ (ತಾಯಿ) ಕಣ್ಣಿಗೆ ಬಿದ್ದಿರುತ್ತದೆ. ಡೆಹರಾಡೂನಿಗೆ ಬರೆದ, ಇನ್ನೂ ಕಳಿಸದ, ಇಂಗ್ಲಿಷಿನ ಮೂರು ಸಾಲು. ಸಾವಿತ್ರವ್ವನವರು ಕೈ ಒರೆಸಿಕೊಂಡು ಎರಡು ಸಲ ಓದಿ ಅರ್ಥ ಖಚಿತಪಡಿಸಿಕೊಂಡರು: "ಮನೆಯಲ್ಲಿ ತಾಯಿಗೆ ನನ್ನ ಅಗತ್ಯ ಇರುವುದರಿಂದ ಈ ಸೀಟನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ."

ಸದರಿ ತಾಯಿಯನ್ನು ಈ ಬಗ್ಗೆ ಯಾರೂ ಕೇಳಿರುವುದಿಲ್ಲ. ಆದರೆ ಮಗಳು ಅದನ್ನು ಸುಮ್ಮನೆ ಬರೆದಿರುವುದಿಲ್ಲ. ಆರು ದಿನಗಳಿಂದ ಈ ಮನೆಯ ಪ್ರತಿಯೊಬ್ಬರೂ ತಮ್ಮ ಕೈಲಾದ ಮಟ್ಟಿಗೆ ಅದನ್ನು ಬರೆಸುತ್ತಾ ಬಂದಿದ್ದಾರೆಂದು ವಿಚಾರಣೆಯಿಂದ ಕಂಡುಬಂದಿದೆ. ಆದ್ದರಿಂದ ಕೆಳಕಂಡ ನಿಯಮಗಳನ್ನು ಕೂಡಲೇ ಜಾರಿಗೆ ತರಲಾಗಿದೆ.

1. ಕಲ್ಲುಗಳ ಬಗ್ಗೆ

ಭೂವಿಜ್ಞಾನವೆಂದರೆ ಕಲ್ಲಿನ ಓದು ಎಂಬುದು ತಿಳಿದ ದಿನದಿಂದ ಶ್ರೀಮತಿ ನೀಲಗಂಗವ್ವನವರು (ಅಜ್ಜಿ) "ಕಲ್ಲು ಓದಾಕ ಅಷ್ಟು ದೂರ ಯಾಕ ಹೋಗಬೇಕವ್ವಾ? ನಮ್ಮ ಹಿತ್ತಲದಾಗ ಇಲ್ಲೇನು ಕಲ್ಲು? ಮುಂಜಾನೆ ಒಂದು ಓದು, ಸಂಜೀಕ ಒಂದು ಓದು" ಎಂದು ವಾದಿಸುತ್ತಿದ್ದಾರೆ. ಈ ವಾದದಿಂದ ಪ್ರೇರಿತರಾದ ಶ್ರೀ ಶಾಂತಾರಾಮರವರು ತಮ್ಮ ಹೊಸ ಮನೆ ಕಟ್ಟಡದಲ್ಲಿ ಉಳಿದ ಎರಡು ಚಿರೆಕಲ್ಲುಗಳನ್ನು ಬೈಕಿನ ಮೇಲೆ ತಂದಿಟ್ಟು, "ಓದ್ಲಿ ಮಾರಾಯ್ರೆ, ಬೇಕಾದ್ರೆ ಇನ್ನೂ ಉಂಟು" ಎಂದು ತಿಳಿಸಿ ಹೋಗಿದ್ದಾರೆ.

ಇನ್ನು ಮುಂದೆ ವಿದ್ಯಾಭ್ಯಾಸದ ನಿಮಿತ್ತ ಈ ಮನೆಗೆ ಕಲ್ಲು ತರತಕ್ಕದ್ದಲ್ಲ. ಈಗಾಗಲೇ ಬಂದಿರುವ ಎರಡನ್ನು ನೀರಿನ ಡ್ರಮ್ಮಿನ ಕೆಳಗೆ ಸೇವೆಗೆ ನಿಯೋಜಿಸಲಾಗಿದ್ದು, ಅವು ತೃಪ್ತಿಕರವಾಗಿ ಕೆಲಸ ಮಾಡುತ್ತಿವೆ.

2. ನೇರ ಬಸ್ಸಿನ ಬಗ್ಗೆ

ಯಜಮಾನರಾದ ಶ್ರೀ ಸಂಗಯ್ಯನವರು, ಶಿರಸಿಯಿಂದ ನೇರ ಬಸ್ಸಿಲ್ಲದ ಊರು ಊರೇ ಅಲ್ಲ ಎಂಬ ತತ್ವವನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. ಶನಿವಾರ ಅವರು ಖುದ್ದಾಗಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಹೋಗಿ ಡೆಹರಾಡೂನಿಗೆ ಎಷ್ಟು ಗಂಟೆಗೆ ಬಸ್ಸು ಎಂದು ಕೇಳಿರುತ್ತಾರೆ. "ಹುಬ್ಳಿ ತನಕ ನಾವು ಬಿಡ್ತೇವೆ ಯಜಮಾನ್ರೆ, ಮುಂದಿನದ್ದು ದೇವರು" ಎಂಬ ಉತ್ತರ ಬಂದಿದೆ. ಇದನ್ನು ಅವರು ಮನೆಗೆ ತಂದು ಸರಕಾರದ ಅಧಿಕೃತ ನಿಲುವೆಂದು ಮಂಡಿಸಿದ್ದಾರೆ.

ಅದು ಅಧಿಕೃತ ನಿಲುವಲ್ಲವೆಂದು ಸ್ಪಷ್ಟಪಡಿಸಲಾಗಿದೆ. ರೈಲು ಎಂಬುದೂ ಒಂದು ವಾಹನವೇ.

3. ಡಬ್ಬಿಯ ಬಗ್ಗೆ

ಈ ಕಂಡಿಕೆಯಲ್ಲಿ ಕಾರ್ಯಾಲಯವೇ ತಪ್ಪಿತಸ್ಥ ಸ್ಥಾನದಲ್ಲಿ ನಿಂತಿರುತ್ತದೆ. ಧಾರವಾಡದ ಪತ್ರ ಬಂದ ಅರ್ಧ ತಾಸಿನೊಳಗೆ, ಶಾಂಭವಿ ಒಪ್ಪುವುದಿರಲಿ, ಪತ್ರವನ್ನು ಪೂರ್ತಿ ಓದುವುದಕ್ಕೂ ಮುಂಚೆ, ಸಾವಿತ್ರವ್ವನವರು ಧಾರವಾಡ ಬಸ್ಸಿನ ಕಂಡಕ್ಟರ್ ಶ್ರೀ ಉಲ್ಲಾಸ ಇವರಿಗೆ ಫೋನು ಮಾಡಿ ವಾರಕ್ಕೊಂದು ರೊಟ್ಟಿ ಡಬ್ಬಿ ಒಯ್ದು ಮುಟ್ಟಿಸುವ ಏರ್ಪಾಡು ಮಾಡಿದ್ದಾರೆ. ಹೊಸ ಸ್ಟೀಲ್ ಡಬ್ಬಿಯ ಮೇಲೆ ಮಗಳ ಹೆಸರನ್ನೂ ಕೊರೆಸಿದ್ದಾರೆ. ಆ ಡಬ್ಬಿಯನ್ನು ಶಾಂಭವಿ ಕಾಣುವ ಹಾಗೆ ಕಟ್ಟೆಯ ಮೇಲೆ ಇಟ್ಟಿದ್ದಾರೆ.

ಏರ್ಪಾಡನ್ನು ರದ್ದುಪಡಿಸಲಾಗಿದೆ. ಶ್ರೀ ಉಲ್ಲಾಸ ಇವರು "ಆಯ್ತಕ್ಕ, ಆದ್ರೆ ರೊಟ್ಟಿ ಮಾಡಿದ್ರೆ ನಂಗಾದ್ರೂ ಎರಡು ಕೊಡಿ" ಎಂದು ಸಲ್ಲಿಸಿದ ಮನವಿ ಪರಿಶೀಲನೆಯಲ್ಲಿದೆ. ಡಬ್ಬಿಗೆ ಸಾಸಿವೆ ತುಂಬಲಾಗಿದೆ.

4. ಲ್ಯಾಮಿನೇಷನ್ ಮಾಡಿಸಿದ ದಾಖಲೆಗಳ ಬಗ್ಗೆ

ಭಾನುವಾರ, 18-05-2025ರಂದು ಮನೆಯ ಹಿಂದಿನ ಕಟ್ಟೆಯ ಮೇಲೆ ಹಲಸಿನ ಹಪ್ಪಳ ಮಾಡುವ ಕಾರ್ಯಕ್ರಮವಿತ್ತು. ಶ್ರೀ ಶಾಂತಾರಾಮರವರ ಪತ್ನಿ ಶ್ರೀಮತಿ ದೇವಿಯವರು ನೆರವಿಗೆ ಬಂದಿದ್ದರು. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಹಿಟ್ಟಿನ ಉಂಡೆ ಇಟ್ಟು ಒತ್ತುವುದು ಪದ್ಧತಿ. ಹಾಳೆ ಹರಿದುದರಿಂದ ನೀಲಗಂಗವ್ವನವರು ಒಳಗೆ ಹೋಗಿ, ಗಟ್ಟಿಯಾದ, ನುಣುಪಾದ, ಅಂಚು ಮಡಚದ ಒಂದು ಜೊತೆ ಹಾಳೆ ತಂದಿರುತ್ತಾರೆ. ಅವುಗಳ ಪೈಕಿ ಒಂದು ಶಾಂಭವಿಯವರ ಬಿ.ಎಸ್ಸಿ. ಅಂಕಪಟ್ಟಿ, ಇನ್ನೊಂದು ಪದವಿ ಪ್ರಮಾಣಪತ್ರ.

ನೂರಾ ಹನ್ನೆರಡು ಹಪ್ಪಳ ಒತ್ತಿದ ನಂತರ ಶ್ರೀಮತಿ ದೇವಿಯವರು "ಅಜ್ಜಿ, ಈ ಹಪ್ಪಳದ ಅಡಿಗೆ ಎಂತದೋ ಫೋಟೋ ಕಾಣ್ತದಲ್ಲ, ನಿಮ್ಮ ಶಾಂಭವಿ ಹಾಂಗೇ ಉಂಟು" ಎಂದು ಗಮನಕ್ಕೆ ತಂದರು. ನೀಲಗಂಗವ್ವನವರು ಅದಕ್ಕೆ "ಇರ್ಲಿ ಬಿಡು, ಮೊಮ್ಮಗಳ ಮಾರಿ ನೋಡ್ಕೋಂತ ಒತ್ತಿದ್ರ ಹಪ್ಪಳ ತೆಳ್ಳಗ ಬರ್ತಾವು" ಎಂದು ಇನ್ನೂ ಹದಿನಾಲ್ಕನ್ನು ಒತ್ತಿರುತ್ತಾರೆ.

ದಾಖಲೆಗಳನ್ನು ಸೀಗೆಪುಡಿಯಿಂದ ತೊಳೆದು ಒಣಗಿಸಲಾಯಿತು. ಡೆಹರಾಡೂನಿನವರು ಮೊದಲೇ ಕೇಳಿದ್ದ ಅವುಗಳ ಸ್ಕ್ಯಾನ್ ಪ್ರತಿಯನ್ನು ಸೋಮವಾರ ಅಲ್ಲಿಗೆ ಕಳಿಸಿದಾಗ, ಅಂಕಪಟ್ಟಿಯ ಬಲಗಡೆ ಕಾಣುವ ದುಂಡನೆಯ ಹಳದಿ ಮುದ್ರೆ ಯಾವ ಪ್ರಾಧಿಕಾರದ್ದೆಂದು ಅಲ್ಲಿಯ ಕಚೇರಿಯವರು ವಿಚಾರಿಸಿದ್ದಾರೆ. ಅದು ಯಾವ ಪ್ರಾಧಿಕಾರದ್ದೂ ಅಲ್ಲ, ಒರೆಸಿದರೆ ಹೋಗುತ್ತದೆ ಎಂದು ಉತ್ತರಿಸಲಾಗಿದೆ. ಒರೆಸಿದರೂ ಹೋಗಿರುವುದಿಲ್ಲ.

ಲ್ಯಾಮಿನೇಷನ್ ಮಾಡಿಸಿದ ಯಾವುದೇ ದಾಖಲೆಯನ್ನು ಹಪ್ಪಳ, ಚಕ್ಕುಲಿ ಅಥವಾ ಸಂಡಿಗೆಯ ಉಪಯೋಗಕ್ಕೆ ತರತಕ್ಕದ್ದಲ್ಲ. ಯಜಮಾನರ ಆಧಾರ್ ಕಾರ್ಡಿಗೂ ಇದು ಅನ್ವಯಿಸುತ್ತದೆ.

5. ಸಾವಿನ ಬಗ್ಗೆ

"ನೀ ಓದು ಮುಗಿಸಿ ಬರೂದ್ರಾಗ ನಾ ಇರ್ತೀನೋ ಇಲ್ಲೋ" ಎಂಬ ಹೇಳಿಕೆಯನ್ನು ನೀಲಗಂಗವ್ವನವರು ಶುಕ್ರವಾರ ಸಂಜೆ ಐದರವರೆಗೆ ಹಿಂಪಡೆಯತಕ್ಕದ್ದು. ಇದೇ ಹೇಳಿಕೆಯನ್ನು ಅವರು ಸಂಗಯ್ಯನವರ ಮದುವೆಯ ಮುನ್ನಾದಿನ, ಮನೆಗೆ ನಳ ಬಂದ ವರ್ಷ, ಹಾಗೂ ಪ್ರತಿ ಮಳೆಗಾಲದ ಆರಂಭದಲ್ಲಿ ನೀಡಿದ್ದು ದಾಖಲೆಯಲ್ಲಿದೆ. ಐದು ಗಂಟೆಯ ನಂತರ ಎಂದಿನಂತೆ ಮುಂದುವರಿಸಲು ಅಭ್ಯಂತರವಿಲ್ಲ.

6. ಸೊಂಟನೋವು ಹಾಗೂ ಅಡುಗೆಯ ಬಗ್ಗೆ

ಡೆಹರಾಡೂನ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಸೊಂಟ ಹಿಡಿದುಕೊಂಡು "ಯಪ್ಪಾ" ಎಂದು ಕೂರುವ ಒಂದು ಅಭ್ಯಾಸವು ಸಾವಿತ್ರವ್ವನವರಲ್ಲಿ ಬೆಳೆದುಬಂದಿದೆ. ಸೊಂಟನೋವು ನಿಜವಾದದ್ದೇ, ಆದರೆ ಧಾರವಾಡ ಎಂಬ ಶಬ್ದಕ್ಕೆ ಅದು ಒಮ್ಮೆಯೂ ಬಂದಿರುವುದಿಲ್ಲ. ಅಲ್ಲದೆ ಶಾಂಭವಿಯವರು ಧಾರವಾಡದ ಪರವಾಗಿ ಏನಾದರೂ ಅಂದ ದಿನ ಶಾವಿಗೆ ಪಾಯಸ, ಎಣಗಾಯಿ, ಮತ್ತೊಮ್ಮೆ ಪಾಯಸ ಹೀಗೆ ತಯಾರಾಗಿರುವುದು ಕಂಡುಬಂದಿದೆ. ಡೆಹರಾಡೂನಿನ ಮಾತೆತ್ತಿದ ದಿನ ಬರೀ ಸಾರು. ಯಜಮಾನರೇ ಇದನ್ನು ಗುರುತಿಸಿ, "ಏ ಶಾಂಭವಿ, ಇವತ್ತೂ ಧಾರವಾಡ ಅನ್ನವ್ವಾ, ನಿನ್ನಿ ಸಾರು ಇಳೀಲಿಲ್ಲ" ಎಂದು ಮಗಳನ್ನು ಬೇಡಿಕೊಂಡಿದ್ದಾರೆ.

ಇದು ಬೇಕೆಂದು ಮಾಡಿದ್ದಲ್ಲ, ಕೈ ತನ್ನಷ್ಟಕ್ಕೆ ತಾನೇ ಮಾಡಿದ್ದು ಎಂಬ ವಿವರಣೆಯನ್ನು ಅಂಗೀಕರಿಸಲಾಗಿದೆ. ಹಾಗಿದ್ದರೂ ಶುಕ್ರವಾರದವರೆಗೆ ಮೂರು ಹೊತ್ತೂ ಚಿತ್ರಾನ್ನ.

7. ಕೆಲಸಗಳ ಮರುಹಂಚಿಕೆ

ಕರಡು ಪತ್ರದಲ್ಲಿ ಕಾಣಿಸಿದ "ತಾಯಿಗೆ ನನ್ನ ಅಗತ್ಯ" ಎಂಬ ಕಾರಣವನ್ನು ಅಕ್ಷರಶಃ ಪರಿಶೀಲಿಸಲಾಯಿತು. ಶಾಂಭವಿಯವರು ಈ ಒಂದು ವರ್ಷದಲ್ಲಿ ಮನೆಯಲ್ಲಿ ಮಾಡಿಕೊಂಡು ಬಂದಿರುವ ಕೆಲಸಗಳನ್ನು ಬರೆದು ನೋಡಿದಾಗ ಪಟ್ಟಿ ಕಾರ್ಯಾಲಯವು ಎಣಿಸಿದ್ದಕ್ಕಿಂತ ಉದ್ದವಿರುವುದು ತಿಳಿದುಬಂದು ಇನ್ನೊಂದು ಹಾಳೆ ತೆಗೆದುಕೊಳ್ಳಬೇಕಾಯಿತು. ಬಳಿಕ ಈ ಕೆಳಗಿನಂತೆ ಹಂಚಲಾಗಿದೆ.

(ಅ) ಅಜ್ಜಿಯ ಮಾತ್ರೆಗಳ ಹೆಸರು ಓದಿ ಕೊಡುವುದು: ಸಂಗಯ್ಯನವರು. ಕನ್ನಡಕ ಹಾಕಿಕೊಂಡು.

(ಆ) ಫೋನಿನಲ್ಲಿ ಗ್ಯಾಸ್ ಬುಕ್ ಮಾಡುವುದು: ಸಾವಿತ್ರವ್ವನವರು. ನಿನ್ನೆ ಪ್ರಾಯೋಗಿಕವಾಗಿ ಮಾಡಿ ನೋಡಲಾಗಿ ಎರಡು ಸಿಲಿಂಡರ್ ಬುಕ್ ಆಗಿವೆ. ಆಗದಿರುವುದಕ್ಕಿಂತ ವಾಸಿ.

(ಇ) ಬಚ್ಚಲಿಗೆ ಬರುವ ಕಪ್ಪೆಯನ್ನು ಮಾತಾಡಿಸಿ ಹೊರಗೆ ಕಳಿಸುವುದು: ಸಂಗಯ್ಯನವರು. ಅವರು ಕಪ್ಪೆಗೆ ಹೆದರುತ್ತಾರೆಂಬ ಗೋಪ್ಯ ಮಾಹಿತಿಯನ್ನು ಈ ಮೂಲಕ ಬಹಿರಂಗಗೊಳಿಸಲಾಗಿದೆ.

(ಈ) ಅಜ್ಜಿಗೆ ಹೆರಳು ಹಾಕುವುದು: ಸಾವಿತ್ರವ್ವನವರ ಕೈ ಹಿಟ್ಟಿನಲ್ಲಿರುವಾಗ ಸಂಗಯ್ಯನವರು. ಇಂದು ಮುಂಜಾನೆ ಪರೀಕ್ಷಾರ್ಥ ಹಾಕಿಸಲಾಯಿತು. "ಎಮ್ಮಿಗೆ ಹಗ್ಗ ಹಾಕಿದಂಗ ಹಾಕ್ಯಾನಲ್ಲೋ ನನ್ನ ಮಗ!" ಎಂದು ಫಲಾನುಭವಿಯು ಪ್ರತಿಕ್ರಿಯಿಸಿದ್ದಾರೆ. ಆದರೆ ಮಧ್ಯಾಹ್ನದವರೆಗೂ ಹೆರಳು ಬಿಚ್ಚಿರುವುದಿಲ್ಲ. ಬಿಚ್ಚಲು ಆಗುತ್ತಿಲ್ಲ ಎಂಬುದೂ ನಿಜ.

(ಉ) ಯಾರದೋ ಅರ್ಜಿ, ಯಾರದೋ ಪಹಣಿ, ಯಾರದೋ ಪಾಸ್‌ಬುಕ್ಕು ಹಿಡಿದು ಬರುವ ಓಣಿಯವರಿಗೆ ಫಾರ್ಮು ತುಂಬಿ ಕೊಡುವುದು: ಓಣಿಯವರೇ.

ಈ ಹಂಚಿಕೆಯಿಂದ ಮನೆ ಮೊದಲಿನಷ್ಟು ಚೆನ್ನಾಗಿ ನಡೆಯುವುದಿಲ್ಲ. ನಡೆಯುತ್ತದೆ ಮಾತ್ರ.

8. ಹಂಚಲಾಗದ ಒಂದು ಕೆಲಸ

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬೆಳ್ಳುಳ್ಳಿ ಸುಲಿಯುತ್ತಾ, ಸಾವಿತ್ರವ್ವನವರು ಆ ದಿನದ್ದೆಲ್ಲ ಹೇಳುವುದನ್ನು ಕೇಳಿಸಿಕೊಳ್ಳುವ ಕೆಲಸವೊಂದು ಪಟ್ಟಿಯಲ್ಲಿ ಉಳಿದಿರುತ್ತದೆ. ಸಂಗಯ್ಯನವರನ್ನು ಪರಿಗಣಿಸಲಾಯಿತು, ಅವರು ಎರಡನೇ ವಾಕ್ಯಕ್ಕೆ ಪರಿಹಾರ ಸೂಚಿಸುತ್ತಾರೆ. ನೀಲಗಂಗವ್ವನವರನ್ನು ಪರಿಗಣಿಸಲಾಗಲಿಲ್ಲ, ಹೇಳುವುದರಲ್ಲಿ ಅರ್ಧ ಅವರ ವಿಷಯವೇ. "ಹೂಂ ಅವ್ವಾ, ಆಮ್ಯಾಲೆ?" ಎಂದು ಸರಿಯಾದ ಜಾಗದಲ್ಲಿ ಅನ್ನಬಲ್ಲ ಅರ್ಹತೆಯುಳ್ಳವರು ಬೇರೆ ಯಾರೂ ಲಭ್ಯವಿಲ್ಲ.

ಸದರಿ ಹುದ್ದೆಯನ್ನು ಭರ್ತಿ ಮಾಡಲಾಗುವುದಿಲ್ಲ. ಖಾಲಿ ಇಡಲಾಗುವುದು. ಆದರೆ ಈ ಮನೆಯಲ್ಲಿ ಒಂದು ಹುದ್ದೆ ಖಾಲಿ ಬೀಳುತ್ತದೆ ಎಂಬುದು ಯಾವ ಸೀಟನ್ನೂ ಬಿಡಲು ತಕ್ಕ ಕಾರಣವಲ್ಲವೆಂದು ಕಾರ್ಯಾಲಯವು ತೀರ್ಮಾನಿಸಿದೆ. ಉಲ್ಲೇಖ (4)ರಲ್ಲಿ ಕಾಣಿಸಿದ ಕಾರಣವನ್ನು ತಿರಸ್ಕರಿಸಲಾಗಿದೆ. ಶಾಂಭವಿಯವರು ಧಾರವಾಡಕ್ಕೇ ಹೋಗಬಯಸಿದಲ್ಲಿ ಧಾರಾಳವಾಗಿ ಹೋಗಬಹುದು. ಆದರೆ ತಮ್ಮದೇ ಆದ ಬೇರೊಂದು ಕಾರಣವನ್ನು ಹುಡುಕಿಕೊಳ್ಳತಕ್ಕದ್ದು. ತಾಯಿಯನ್ನು ಆ ಕಾಲಂನಲ್ಲಿ ಬರೆಯತಕ್ಕದ್ದಲ್ಲ.

9. ಫೋನಿನಲ್ಲಿ ಉತ್ತರ ಕಳಿಸುವ ಗುಂಡಿ ಒತ್ತುವ ವಿಧಾನ

ಮನೆಯಲ್ಲಿ ನೆಟ್‌ವರ್ಕ್ ಪೂರ್ತಿ ಸಿಗುವ ಏಕೈಕ ಸ್ಥಳವಾದ ಮಹಡಿ ಮೆಟ್ಟಿಲಿನ ಐದನೇ ಪಾವಟಿಗೆಯನ್ನು ಶುಕ್ರವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಶಾಂಭವಿಯವರಿಗೆ ಕಾಯ್ದಿರಿಸಲಾಗಿದೆ. ಆ ಸಮಯದಲ್ಲಿ ಸಂಗಯ್ಯನವರು ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮತಕ್ಕದ್ದಲ್ಲ. ನಿಜವಾಗಿ ಕೆಮ್ಮು ಬಂದಲ್ಲಿ ಹಿತ್ತಲಿಗೆ ಹೋಗತಕ್ಕದ್ದು. ಸಾವಿತ್ರವ್ವನವರು ಆ ಎರಡು ತಾಸು ಮೆಟ್ಟಿಲು ಕಾಣದ ಜಾಗದಲ್ಲಿ, ಒಗೆಯುವ ಕಲ್ಲಿನ ಬಳಿ ಇರತಕ್ಕದ್ದು. ಒಗೆಯಲು ಬಟ್ಟೆ ಇಲ್ಲದಿದ್ದರೆ ಒಗೆದದ್ದನ್ನೇ ಒಗೆಯತಕ್ಕದ್ದು.

ನಿಯಮ ಮೀರಿದವರಿಗೆ ಮೂರು ದಿನ ಚಹಾದಲ್ಲಿ ಶುಂಠಿ ಇರುವುದಿಲ್ಲ.

ಸಹಿ/-
ಸಾವಿತ್ರವ್ವ
ಮುಖ್ಯಸ್ಥೆ (ಪ್ರಭಾರ, ಮದುವೆಯಾದಂದಿನಿಂದ)
ಗೃಹಕೃತ್ಯ ಕಾರ್ಯಾಲಯ, ಇಸಳೂರು

ಪ್ರತಿಗಳು:

1. ಶ್ರೀ ಸಂಗಯ್ಯನವರಿಗೆ, ಓದಿ ಅರ್ಥಮಾಡಿಕೊಳ್ಳಲು. ಅರ್ಥವಾಗದಿದ್ದಲ್ಲಿ ಪಾಲಿಸಲು.

2. ಶ್ರೀಮತಿ ನೀಲಗಂಗವ್ವನವರಿಗೆ, ಕಂಡಿಕೆ 5ನ್ನು ಬಿಟ್ಟು ಉಳಿದದ್ದನ್ನು ಓದಿ ಹೇಳಲಾಗುವುದು.

3. ಶ್ರೀ ಶಾಂತಾರಾಮ ಹಾಗೂ ಶ್ರೀಮತಿ ದೇವಿಯವರಿಗೆ, ಐವತ್ತು ಹಪ್ಪಳದೊಂದಿಗೆ.

4. ಶ್ರೀ ಉಲ್ಲಾಸ, ಕಂಡಕ್ಟರ್, ಇವರಿಗೆ, ಎರಡು ರೊಟ್ಟಿಯೊಂದಿಗೆ.

5. ಧಾರವಾಡದ ಅತ್ತೆಯವರಿಗೆ, ಮೇಲಿನ ಕೋಣೆಗೆ ಸುಣ್ಣ ಹೊಡೆಸುವುದನ್ನು ಸದ್ಯಕ್ಕೆ ತಡೆಹಿಡಿಯುವ ಕೋರಿಕೆಯೊಂದಿಗೆ.

6. ಕು. ಶಾಂಭವಿಯವರಿಗೆ, ಮೂಲ ಪ್ರತಿ. ದಿಂಬಿನ ಕೆಳಗೆ.

7. ಕಚೇರಿ ಪ್ರತಿ.

ಕಚೇರಿ ಪ್ರತಿಯ ಮೇಲಿನ ಷರಾ, ದಿನಾಂಕ 23-05-2025:

ಮಧ್ಯಾಹ್ನ 4 ಗಂಟೆ 40 ನಿಮಿಷಕ್ಕೆ ಕು. ಶಾಂಭವಿಯವರು ಐದನೇ ಪಾವಟಿಗೆಯಿಂದ ಇಳಿದು ಬಂದರು. ಯಾವುದನ್ನು ಒತ್ತಿದರೆಂದು ಕಾರ್ಯಾಲಯವು ನಿಯಮಾನುಸಾರ ಕೇಳಿರುವುದಿಲ್ಲ. ಕೈಯಲ್ಲಿ ಒದ್ದೆ ಸೀರೆ ಹಿಡಿದುಕೊಂಡು ನಿಂತಿತ್ತು. ಸಂಗಯ್ಯನವರು ಹಿತ್ತಲಲ್ಲಿ ಕೆಮ್ಮುತ್ತಿದ್ದರು. ನೀಲಗಂಗವ್ವನವರು ಮಾತ್ರ ಮೊಮ್ಮಗಳ ಮುಖವನ್ನೊಮ್ಮೆ ನೋಡಿ, ಎದ್ದು ಒಳಗೆ ಹೋಗಿ, ಪೆಟ್ಟಿಗೆ ತೆಗೆದು, ತಮ್ಮ ಕೈಯಿಂದ ಹೊಲಿದ ಕೌದಿಯನ್ನು ಎದೆಗವಚಿಕೊಂಡು ತಂದರು.

"ಹಿಮದ ಊರಂತಲ್ಲ ಅದು. ಇದ ಒಂದು ಸಾಕಾಗ್ತೈತೋ, ಇನ್ನೊಂದು ಹೊಲಿಯಲೋ?"

"ಸಾಕಾಗ್ತೈತಿ ಅಜ್ಜಿ," ಎಂದು ಶಾಂಭವಿಯವರಿಂದ ಉತ್ತರ ಬಂದಿರುತ್ತದೆ.

"ಏನ್ ಸಾಕಾಗ್ತೈತಿ? ಅದರ ದಾರಾನ ಲಡ್ಡಾಗ್ಯಾವು, ಮುಟ್ಟಿದ್ರ ಹರೀತಾವು. ಸೂಜಿಗೆ ದಾರ ಪೋಣಿಸಿ ಕೊಡು ಇಲ್ಲಿ. ಜುಲೈ ತನಕ ಟೈಮ್ ಐತಿ."